ಗ್ರ್ಯಾಂಬ್ಲಿಂಗ್‌ನ ಕೋಚ್‌ಗಳು: ಎಂಟು ದಶಕದ ಜಮಾ-ಖರ್ಚು

ಎಡ್ಡಿ ರಾಬಿನ್ಸನ್ ತೀರಿಕೊಂಡು ಎರಡು ದಶಕ ಆಗುತ್ತ ಬಂತು. ಅಮೆರಿಕದ ಲೂಯಿಸಿಯಾನಾ ರಾಜ್ಯದ ಉತ್ತರ ಭಾಗದಲ್ಲಿ ಗ್ರ್ಯಾಂಬ್ಲಿಂಗ್ ಎಂಬ ಪುಟ್ಟ ಊರಿದೆ. ಅಲ್ಲಿಯ ಕಪ್ಪು ಜನರ ಕಾಲೇಜಿನಲ್ಲಿ 1941ರಿಂದ 1997ರ ತನಕ ಫುಟ್‌ಬಾಲ್ ಕಲಿಸಿದವರು ಅವರು. ಈ ಫುಟ್‌ಬಾಲ್ ನಮ್ಮ ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದ ಆಟವಲ್ಲ. ಹೆಗಲಿಗೆ ಕವಚ, ತಲೆಗೆ ಹೆಲ್ಮೆಟ್ ತೊಟ್ಟು, ಎರಡೂ ತುದಿ ಚೂಪಾದ ಚೆಂಡನ್ನು ತೋಳಿನಲ್ಲಿ ಅವಚಿಕೊಂಡು ಎದುರಾಳಿಗಳ ನಡುವೆ ನುಗ್ಗುವ ಅಮೆರಿಕದ ಆಟ. ರಾಬಿನ್ಸನ್ನರ ಹೆಸರು ಬಂದಾಗಲೆಲ್ಲ 408 ಗೆಲುವು, 165 ಸೋಲು, 15 ಡ್ರಾ ಎಂಬ ಅಂಕಿಗಳು ಜೊತೆಗೇ ಬರುತ್ತವೆ. ಅವರ ಕೈಯಲ್ಲಿ ಪಳಗಿದ 200ಕ್ಕೂ ಹೆಚ್ಚು ಹುಡುಗರು ವೃತ್ತಿಪರ ತಂಡಗಳನ್ನು ಸೇರಿದರೆಂಬ ಮಾತೂ ಬರುತ್ತದೆ. ಆ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಆಟಗಾರರ ಲೆಕ್ಕ ಇಟ್ಟಷ್ಟು ಕಾಳಜಿಯಿಂದ ಕಲಿಸಿದವರ ಲೆಕ್ಕವನ್ನು ಯಾರೂ ಇಡಲಿಲ್ಲ. ಆ ಸಣ್ಣ ಕಾಲೇಜಿನ ಕೋಚ್‌ಗಳ ಬಳಗ ಹೇಗೆ ಕಟ್ಟಿಕೊಂಡಿತು, ಯಾವುದರಿಂದ ಬೆಳೆಯಿತು, ಕಾಲ ಬದಲಾದಾಗ ಅದಕ್ಕೆ ಸಿಕ್ಕಿದ್ದೇನು, ಅದು ಕಳೆದುಕೊಂಡದ್ದೇನು ಎಂಬುದನ್ನು ಈಗಲಾದರೂ ಹಿಂದಿರುಗಿ ನೋಡಬೇಕು.

ಆ ಕಾಲೇಜು ಸರ್ಕಾರದ ಕೃಪೆಯಿಂದ ಹುಟ್ಟಿದ್ದಲ್ಲ. ತಮ್ಮ ಮಕ್ಕಳಿಗೆ ನಾಲ್ಕಕ್ಷರ ಕಲಿಸಬೇಕೆಂದು ಹಟ ಹಿಡಿದ ಕಪ್ಪು ರೈತರು ಕಪ್ಪು ಜನರ ನಾಯಕ ಬುಕರ್ ಟಿ. ವಾಷಿಂಗ್ಟನ್ನರ ನೆರವು ಕೇಳಿದರು. ಅವರು ತಮ್ಮ ಟಸ್ಕೀಗಿ ವಿದ್ಯಾಸಂಸ್ಥೆಯಿಂದ ಚಾರ್ಲ್ಸ್ ಆಡಮ್ಸ್ ಎಂಬ ತರುಣನನ್ನು ಕಳಿಸಿಕೊಟ್ಟರು. 1901ರಲ್ಲಿ ಶಾಲೆ ಶುರುವಾಯಿತು. ಮುಂದೆ ಅದು ಕಪ್ಪು ಜನರ ಶಾಲೆಗಳಿಗೆ ಮೇಷ್ಟ್ರುಗಳನ್ನು ತಯಾರು ಮಾಡುವ ಕಾಲೇಜಾಯಿತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದಿನ ಕತೆಯೆಲ್ಲ ಇದರ ಮೇಲೆಯೇ ನಿಂತಿದೆ. 1941ರಲ್ಲಿ ಅಧ್ಯಕ್ಷರಾಗಿದ್ದ ರಾಲ್ಫ್ ವಾಲ್ಡೊ ಎಮರ್ಸನ್ ಜೋನ್ಸ್ ಕಾಲೇಜಿನ ಆಡಳಿತ ನೋಡಿಕೊಳ್ಳುತ್ತಲೇ ಬೇಸ್‌ಬಾಲ್ ತಂಡಕ್ಕೂ ಕೋಚ್ ಆಗಿದ್ದವರು. ಬೇಟನ್ ರೂಜ್‌ನ ಪಶು ಆಹಾರದ ಗಿರಣಿಯಲ್ಲಿ ಗಂಟೆಗೆ 25 ಸೆಂಟ್ ಕೂಲಿಗೆ ದುಡಿಯುತ್ತಿದ್ದ 22 ವರ್ಷದ ರಾಬಿನ್ಸನ್ನರನ್ನು ಅವರು ತಿಂಗಳಿಗೆ 63 ಡಾಲರ್ 75 ಸೆಂಟ್ ಸಂಬಳಕ್ಕೆ ಕರೆದುಕೊಂಡರು. ರಾಬಿನ್ಸನ್ನರ ತಂದೆ ಪಾಲಿಗೆ ಹತ್ತಿ ಬೆಳೆಯುತ್ತಿದ್ದವರು, ತಾಯಿ ಬೇರೆಯವರ ಮನೆಗೆಲಸ ಮಾಡುತ್ತಿದ್ದವರು. ಹುಡುಗನ ಪಾಲಿಗೆ ಕೋಚ್ ಕೆಲಸವೆಂದರೆ ಬಾಲ್ಯದ ಕನಸು ಕೈಗೆಟುಕಿದಂತೆ.

ಸಹಾಯಕ ಕೋಚ್ ಎಂಬ ಹುದ್ದೆ ಅಲ್ಲಿ ಇರಲೇ ಇಲ್ಲ. ಕೈಜೋಡಿಸಲು ಇದ್ದವನು ಕಾಲೇಜಿನ ರಾತ್ರಿ ಕಾವಲುಗಾರ. ಮೈದಾನದ ಹುಲ್ಲು ಕತ್ತರಿಸುವುದು, ಗೆರೆ ಎಳೆಯುವುದು, ಹುಡುಗರ ಕಣಕಾಲಿಗೆ ಪಟ್ಟಿ ಸುತ್ತುವುದು, ಬಸ್ಸು ಓಡಿಸುವುದು, ಹುಡುಗಿಯರ ಡ್ರಿಲ್ ತಂಡವನ್ನು ತಯಾರು ಮಾಡುವುದು, ಪಂದ್ಯ ಮುಗಿದ ಮೇಲೆ ಪತ್ರಿಕೆಗೆ ವರದಿ ಬರೆದು ಕಳಿಸುವುದು, ಎಲ್ಲವೂ ಒಬ್ಬರದೇ. ನಮ್ಮ ಹೈಸ್ಕೂಲುಗಳಲ್ಲಿ ಸುಣ್ಣದ ಪುಡಿ ಚೆಲ್ಲಿ ಕಬಡ್ಡಿಯ ಅಂಕಣ ಬರೆದು, ವಾಲಿಬಾಲ್ ನೆಟ್ ಕಟ್ಟಿ, ಆಗಸ್ಟ್ ಹದಿನೈದರ ಪಥಸಂಚಲನಕ್ಕೂ ತಾಲೂಕು ಮಟ್ಟದ ಕ್ರೀಡಾಕೂಟಕ್ಕೂ ತಾವೇ ಓಡಾಡಿದ ಡ್ರಿಲ್ ಮೇಷ್ಟ್ರನ್ನು ಕಂಡವರಿಗೆ ಈ ಚಿತ್ರ ತಕ್ಷಣ ಕಣ್ಣಿಗೆ ಕಟ್ಟುತ್ತದೆ. ಮೊದಲ ವರ್ಷ ಮೂರು ಗೆಲುವು, ಐದು ಸೋಲು. ಮರುವರ್ಷ, 1942ರಲ್ಲಿ, ಒಂಬತ್ತಕ್ಕೆ ಒಂಬತ್ತೂ ಗೆಲುವು. ಇಡೀ ವರ್ಷ ಎದುರಾಳಿಗಳಿಗೆ ಒಂದೇ ಒಂದು ಅಂಕ ಬಿಟ್ಟುಕೊಡಲಿಲ್ಲ. ಅಷ್ಟರಲ್ಲಿ ಯುದ್ಧ ಹುಡುಗರನ್ನು ಕರೆದೊಯ್ದಿತು. 1943 ಮತ್ತು 1944ರಲ್ಲಿ ಕಾಲೇಜಿಗೆ ತಂಡವೇ ಇರಲಿಲ್ಲ. ರಾಬಿನ್ಸನ್ ಊರಿನ ಹೈಸ್ಕೂಲಿನ ಹುಡುಗರಿಗೆ ಕಲಿಸಿದರು. ಹತ್ತಿ ಬಿಡಿಸಲು ಆಳಿಲ್ಲವೆಂದು ಮನೆಯವರು ಆಟಗಾರರನ್ನು ಹೊಲಕ್ಕೆ ಕರೆಸಿಕೊಂಡಾಗ ಇಡೀ ತಂಡವನ್ನು ಅದೇ ಹೊಲಕ್ಕಿಳಿಸಿ ಹತ್ತಿ ಬಿಡಿಸಿಕೊಟ್ಟು ಹುಡುಗರನ್ನು ವಾಪಸು ಕರೆತಂದರು ಎಂಬ ಕತೆಯನ್ನು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ.

ಆ ಕಾಲದ ಪ್ರಯಾಣವೇ ಒಂದು ಪಾಠವಾಗಿತ್ತು. ದಾರಿಯ ಹೋಟೆಲುಗಳಲ್ಲಿ ಕಪ್ಪು ಹುಡುಗರಿಗೆ ಊಟ ಹಾಕುತ್ತಿರಲಿಲ್ಲ, ಮಲಗಲು ಕೋಣೆ ಕೊಡುತ್ತಿರಲಿಲ್ಲ. ಆದ್ದರಿಂದ ಹೊರಡುವ ಮುನ್ನ ಸ್ಯಾಂಡ್‌ವಿಚ್ ಮಾಡಿ ಕಟ್ಟಿಕೊಳ್ಳುವುದೂ ಕೋಚ್ ಕೆಲಸದ ಪಟ್ಟಿಯಲ್ಲಿ ಸೇರಿತು. ಬಾಗಿಲಲ್ಲಿ ನಿಲ್ಲಿಸಿ ಕಳಿಸುವ ಊಟದ ಮನೆಗಳ ನಾಡಿನಲ್ಲೇ ಅವರು ಹುಡುಗರಿಗೆ ಮೇಜಿನ ಮುಂದೆ ಕೂತು ಉಣ್ಣುವ ರೀತಿ, ಕೋಟು-ಟೈ ಹಾಕುವ ಬಗೆ, ಪತ್ರಕರ್ತರ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವ ಕ್ರಮ ಕಲಿಸಿದರು. ಬೆಳಗಿನ ಆರೂವರೆಗೆ ಹಾಸ್ಟೆಲಿನ ಪಡಸಾಲೆಯಲ್ಲಿ ದನದ ಕೊರಳ ಗಂಟೆ ಬಾರಿಸಿಕೊಂಡು ನಡೆಯುವರು. ಎದ್ದವನು ತಿಂಡಿಗೂ ಹೋಗಬೇಕು, ತರಗತಿಗೂ ಹೋಗಬೇಕು. ರಾಜ್ಯಮಟ್ಟದ ಹೆಸರು ಬಂದ ಮೇಲೂ, ರಾಷ್ಟ್ರಮಟ್ಟದ ಹೆಸರು ಬಂದ ಮೇಲೂ ಆ ಗಂಟೆ ನಿಲ್ಲಲಿಲ್ಲ. ಇದನ್ನು ಶಿಸ್ತು ಎಂದಷ್ಟೇ ಕರೆದರೆ ಸಾಲದು. ಹುಡುಗ ಆಟದಲ್ಲಿ ಸೋತರೂ ಬದುಕಿನಲ್ಲಿ ಮೇಷ್ಟ್ರಾಗಿ ಬದುಕಿಕೊಳ್ಳಬೇಕೆಂಬ ಲೆಕ್ಕ ಅದರ ಹಿಂದಿತ್ತು.

ಬಳಗ ಬೆಳೆದದ್ದು ಹೀಗೆ, ಒಳಗಿನಿಂದಲೇ. ರಾಬಿನ್ಸನ್ನರ ಕೈಕೆಳಗೆ ಆಡಿದ ಮೆಲ್ವಿನ್ ಲೀ ಹಿಂದಿರುಗಿ ಬಂದು ದಶಕಗಟ್ಟಲೆ ಅವರ ಪಕ್ಕದಲ್ಲೇ ನಿಂತರು. ರಾಬಿನ್ಸನ್ನರ ಶಿಷ್ಯರಲ್ಲೇ ಒಬ್ಬರಾದ ಫ್ರೆಡ್ ಹಾಬ್ಡಿ ಬಾಸ್ಕೆಟ್‌ಬಾಲ್ ಕೋಚ್ ಆಗಿ 1961ರಲ್ಲಿ ಕಾಲೇಜಿಗೆ ರಾಷ್ಟ್ರೀಯ ಪ್ರಶಸ್ತಿ ತಂದರು. ಮುಂದೆ ನ್ಯೂಯಾರ್ಕಿನಲ್ಲಿ ಮಿಂಚಿದ ವಿಲ್ಲಿಸ್ ರೀಡ್ ಆ ತಂಡದ ಹುಡುಗ. ಡಗ್ ಪೋರ್ಟರ್ ಕೆಲವು ಕಾಲ ಸಹಾಯಕರಾಗಿದ್ದು ಮುಂದೆ ಬೇರೆ ಕಾಲೇಜುಗಳಲ್ಲಿ ಮುಖ್ಯ ಕೋಚ್ ಆಗಿ ತಾವೇ ಹೆಸರು ಮಾಡಿದರು. ಕೋಚ್ ಎಂಬ ಬಿರುದಿಲ್ಲದಿದ್ದರೂ ಈ ಬಳಗಕ್ಕೇ ಸೇರಿಸಬೇಕಾದ ಇನ್ನೊಬ್ಬರು ಕಾಲಿ ನಿಕೊಲ್ಸನ್. ಎರಡನೇ ಮಹಾಯುದ್ಧದಲ್ಲಿ ಮರೀನ್ ಪಡೆಯ ವರದಿಗಾರರಾಗಿದ್ದ ಅವರು ಕಾಲೇಜಿನ ಪ್ರಚಾರದ ಹೊಣೆ ಹೊತ್ತು, ದೇಶದ ಮೂಲೆಮೂಲೆಯ ಕಪ್ಪು ಜನರ ಪತ್ರಿಕೆಗಳಿಗೆ ಟೈಪ್ ಮಾಡಿದ ವರದಿಗಳನ್ನು ಕಳಿಸುತ್ತಲೇ ಇದ್ದರು. 1968ರಲ್ಲಿ ಗ್ರ್ಯಾಂಬ್ಲಿಂಗ್ ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಮ್ಮಿನಲ್ಲಿ ಮಾರ್ಗನ್ ಸ್ಟೇಟ್ ಎದುರು ಆಡಿ 9-7ರಿಂದ ಸೋತಾಗ ನೋಡಲು ಬಂದವರು 60,000ಕ್ಕೂ ಹೆಚ್ಚು ಜನ. 1976ರಲ್ಲಿ ಇದೇ ಎರಡು ತಂಡ ಟೋಕಿಯೋಕ್ಕೂ ಹೋಗಿ ಆಡಿದವು. ಒಂದು ಹಳ್ಳಿಗಾಡಿನ ಕಾಲೇಜಿಗೆ ಈ ಓಡಾಟ ಸಾಧ್ಯವಾಗಿದ್ದು ನಿಕೊಲ್ಸನ್ನರ ಲೇಖನಿಯ ಬಲದಿಂದ ಎಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಗ್ರ್ಯಾಂಬ್ಲಿಂಗ್‌ನ ಕೋಚ್‌ಗಳ ನಿಜವಾದ ಬಳಗ ಮೈದಾನದ ಅಂಚಿನಲ್ಲಿ ನಿಂತ ಈ ಕೆಲವರಿಗೇ ಮುಗಿಯುತ್ತಿರಲಿಲ್ಲ. ಅದು ಲೂಯಿಸಿಯಾನಾದ ಊರೂರಿನಲ್ಲಿ ಹರಡಿಕೊಂಡಿತ್ತು. ವೃತ್ತಿಪರ ತಂಡ ಸೇರಿದವರು ನೂರಾರು ಇರಬಹುದು. ಆಡಿ, ಓದಿ, ಪದವಿ ಹಿಡಿದು ಕಪ್ಪು ಮಕ್ಕಳ ಹೈಸ್ಕೂಲುಗಳಿಗೆ ಮೇಷ್ಟ್ರಾಗಿ, ಕೋಚ್ ಆಗಿ ಹೋದವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅವರು ತಮ್ಮ ಊರಿನಲ್ಲಿ ಕಟ್ಟುಮಸ್ತಾದ ಹುಡುಗನನ್ನು ಕಂಡರೆ ಅವನ ತಾಯಿಯ ಹತ್ತಿರ ಕೂತು ಮಾತಾಡಿ, ನೇರ ಗ್ರ್ಯಾಂಬ್ಲಿಂಗ್‌ಗೆ ಕಳಿಸುತ್ತಿದ್ದರು. ಹೋದ ಹುಡುಗ ಮತ್ತೆ ಮೇಷ್ಟ್ರಾಗಿ ಇನ್ನೊಂದು ಊರಿಗೆ ಬರುತ್ತಿದ್ದ. ಹಣವಿಲ್ಲದ ಕಾಲೇಜು ದೇಶದ ದೊಡ್ಡ ತಂಡಗಳಿಗೆ ಸರಿಸಮನಾದ ಆಟಗಾರರನ್ನು ವರ್ಷಾವರ್ಷ ಹೊರತಂದದ್ದು ಈ ಸರಪಳಿಯಿಂದ. ರಾಬಿನ್ಸನ್ನರ ತಂತ್ರಗಳ ಬಗ್ಗೆ ಪುಟಗಟ್ಟಲೆ ಬರೆದವರು ಈ ಸರಪಳಿಯ ಬಗ್ಗೆ ಒಂದು ಸಾಲಿನಲ್ಲಿ ಮುಗಿಸುವುದು ನಮಗೆ ಯಾವಾಗಲೂ ಕೊರತೆಯಾಗಿ ಕಂಡಿದೆ.

1949ರಲ್ಲಿ ಪಾಲ್ ‘ಟ್ಯಾಂಕ್’ ಯಂಗರ್ ಲಾಸ್ ಏಂಜಲಿಸ್ ರ‍್ಯಾಮ್ಸ್ ತಂಡ ಸೇರಿದಾಗ, ಕಪ್ಪು ಜನರ ಕಾಲೇಜಿನಿಂದ ದೇಶದ ವೃತ್ತಿಪರ ಒಕ್ಕೂಟವಾದ ಎನ್‌ಎಫ್‌ಎಲ್ ಆಡಿದ ಮೊದಲಿಗನೆಂಬ ಹೆಸರು ಗ್ರ್ಯಾಂಬ್ಲಿಂಗ್‌ಗೆ ಬಂತು. ಬೇಸ್‌ಬಾಲಿನಲ್ಲಿ ಜಾಕಿ ರಾಬಿನ್ಸನ್ ವರ್ಣಭೇದದ ಗೋಡೆ ಒಡೆದು ಎರಡೇ ವರ್ಷವಾಗಿತ್ತು. ನೀನು ಎಡವಿದರೆ ನಿನ್ನ ಹಿಂದೆ ಬರುವವರಿಗೆ ದಾರಿ ಮುಚ್ಚುತ್ತದೆ ಎಂದು ಕೋಚ್ ಹುಡುಗನಿಗೆ ಬುದ್ಧಿ ಹೇಳಿ ಕಳಿಸಿದರು. ಅವನು ಎಡವಲಿಲ್ಲ. ವಿಲ್ಲಿ ಡೇವಿಸ್, ವಿಲ್ಲಿ ಬ್ರೌನ್, ಚಾರ್ಲಿ ಜಾಯ್ನರ್ ಸಾಲಾಗಿ ಹೋದರು; 1963ರಲ್ಲಿ ಬಕ್ ಬುಕ್ಯಾನನ್ ಇನ್ನೊಂದು ವೃತ್ತಿಪರ ಒಕ್ಕೂಟವಾದ ಎಎಫ್‌ಎಲ್ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಹೆಸರು ಕೂಗಿಸಿಕೊಂಡ. ಅಷ್ಟಾದರೂ ಒಂದು ಜಾಗ ಮುಚ್ಚಿಯೇ ಇತ್ತು. ತಂಡದ ತಲೆಯಂತಿರುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಬೇಕಾದ ಬುದ್ಧಿ ಕಪ್ಪು ಹುಡುಗನಿಗಿಲ್ಲವೆಂಬ ಹಟಮಾರಿ ನಂಬಿಕೆ ವೃತ್ತಿಪರ ತಂಡಗಳಲ್ಲಿ ಬೇರುಬಿಟ್ಟಿತ್ತು. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನನ್ನು ಅಲ್ಲಿ ಹೋದೊಡನೆ ಓಡುವ, ಹಿಡಿಯುವ ಜಾಗಕ್ಕೆ ದೂಡುತ್ತಿದ್ದರು.

ಈ ಅನ್ಯಾಯದ ಅಳತೆ ತಿಳಿಯಲು ಎಂಟು ಕಿಲೋಮೀಟರ್ ನಡೆದರೆ ಸಾಕಾಗಿತ್ತು. ಗ್ರ್ಯಾಂಬ್ಲಿಂಗ್ ಪಕ್ಕದ ರಸ್ಟನ್ ಊರಿನಲ್ಲಿ ಲೂಯಿಸಿಯಾನಾ ಟೆಕ್ ಇದೆ. 1960ರ ದಶಕದ ಕೊನೆಯಲ್ಲಿ ಅಲ್ಲಿ ಟೆರಿ ಬ್ರ್ಯಾಡ್‌ಷಾ, ಇಲ್ಲಿ ಜೇಮ್ಸ್ ಹ್ಯಾರಿಸ್. ಇಬ್ಬರೂ ಎತ್ತರದ ಆಳು, ಇಬ್ಬರದೂ ದೂರ ಎಸೆಯುವ ತೋಳು. ಎರಡು ಕಾಲೇಜುಗಳ ತಂಡಗಳು ಆಗ ಎದುರುಬದುರಾಗಲೇ ಇಲ್ಲ. ಬಿಳಿಯ ಹುಡುಗ 1970ರ ಆಯ್ಕೆಯಲ್ಲಿ ದೇಶಕ್ಕೇ ಮೊದಲಿಗನಾದ. ಕಪ್ಪು ಹುಡುಗನ ಹೆಸರು 1969ರಲ್ಲಿ ಬಂದದ್ದು ಎಂಟನೇ ಸುತ್ತಿನಲ್ಲಿ. ಆದರೂ ರಾಬಿನ್ಸನ್ ಹ್ಯಾರಿಸ್‌ನನ್ನು ಬೇರೆ ಜಾಗಕ್ಕೆ ಒಪ್ಪಿಕೊಳ್ಳಬೇಡವೆಂದು ಮೊದಲೇ ಗಟ್ಟಿ ಮಾಡಿದ್ದರು. ವೃತ್ತಿಪರ ಆಟಕ್ಕೆ ಬೇಕಾದ ಹಾಗೆಯೇ ನಾಲ್ಕು ವರ್ಷ ತಯಾರು ಮಾಡಿದ್ದರು. ಆ ವರ್ಷದ ಮೊದಲ ಪಂದ್ಯದಲ್ಲೇ ಹ್ಯಾರಿಸ್ ಬಫಲೋ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ ಕಣಕ್ಕಿಳಿದ. 1974ರಲ್ಲಿ ರ‍್ಯಾಮ್ಸ್ ತಂಡವನ್ನು ಪ್ಲೇಆಫ್‌ವರೆಗೆ ಒಯ್ದ. ಅವನ ನಂತರ ಅದೇ ಮೈದಾನದಲ್ಲಿ ಬೆಳೆದವನು ಡಗ್ ವಿಲಿಯಮ್ಸ್. 1978ರಲ್ಲಿ ಟ್ಯಾಂಪಾ ಬೇ ತಂಡದ ಸಹಾಯಕ ಕೋಚ್ ಜೋ ಗಿಬ್ಸ್ ಅವನನ್ನು ಹುಡುಕಿಕೊಂಡು ಬಂದಾಗ ವಿಲಿಯಮ್ಸ್ ಪಕ್ಕದ ಮನ್ರೋ ಊರಿನ ಶಾಲೆಯೊಂದರಲ್ಲಿ ಮೇಷ್ಟ್ರ ತರಬೇತಿಯ ಭಾಗವಾಗಿ ಪಾಠ ಮಾಡುತ್ತಿದ್ದ! ದೇಶವೇ ಎದುರು ನೋಡುತ್ತಿದ್ದ ಆಟಗಾರನಿಗೂ ಅಲ್ಲಿ ಕಲಿಸುವ ಕೆಲಸದಿಂದ ರಿಯಾಯಿತಿ ಇರಲಿಲ್ಲ.

ಅಷ್ಟು ಹೊತ್ತಿಗೆ ಕಾಲ ಮಗ್ಗುಲು ಬದಲಿಸಿತ್ತು. 1954ರ ಸುಪ್ರೀಂ ಕೋರ್ಟ್ ತೀರ್ಪು ಶಾಲೆಗಳಲ್ಲಿ ಕಪ್ಪು-ಬಿಳಿ ಭೇದ ಸಲ್ಲದೆಂದಿತು; 1964ರ ನಾಗರಿಕ ಹಕ್ಕುಗಳ ಕಾನೂನು ಹೋಟೆಲು, ವಸತಿಗೃಹಗಳ ಬಾಗಿಲು ತೆರೆಸಿತು. ಮಾರ್ಟಿನ್ ಲೂಥರ್ ಕಿಂಗ್ ಅವರ ಹೋರಾಟವನ್ನು ಕನ್ನಡದಲ್ಲಿ ಓದಿ ಬೆಳೆದ ನಮ್ಮ ತಲೆಮಾರು ಈ ತಾರೀಕುಗಳನ್ನು ಗೆಲುವಿನ ಮೈಲಿಗಲ್ಲುಗಳೆಂದೇ ನೆನಪಿಟ್ಟುಕೊಂಡಿದೆ, ಸರಿಯಾಗಿಯೇ ನೆನಪಿಟ್ಟುಕೊಂಡಿದೆ. ದಕ್ಷಿಣದ ಹಳ್ಳಿಶಾಲೆಗಳಿಗೆ ಆ ತೀರ್ಪು ನಿಜವಾಗಿ ಮುಟ್ಟಿದ್ದು ಹದಿನೈದು ವರ್ಷ ತಡವಾಗಿ, 1969-70ರಲ್ಲಿ. ಮುಟ್ಟಿದ ರೀತಿ ಹೇಗಿತ್ತು? ಎರಡು ಶಾಲೆಗಳನ್ನು ಒಂದು ಮಾಡುವಾಗ ಮುಚ್ಚಿದ್ದು ಬಹುಮಟ್ಟಿಗೆ ಕಪ್ಪು ಮಕ್ಕಳ ಶಾಲೆ. ಉಳಿದ ಶಾಲೆಯ ಹೆಡ್‌ಮಾಸ್ಟರ್ ಬಿಳಿಯರೇ, ಮುಖ್ಯ ಕೋಚ್ ಬಿಳಿಯರೇ. ಇಪ್ಪತ್ತು ವರ್ಷ ತಂಡ ಕಟ್ಟಿದ್ದ ಕಪ್ಪು ಕೋಚ್ ಹೊಸ ಶಾಲೆಯಲ್ಲಿ ಸಹಾಯಕನಾದ, ಇಲ್ಲವೇ ಡ್ರೈವಿಂಗ್ ಕಲಿಸುವ ಕೆಲಸಕ್ಕೆ ಇಳಿದ, ಇಲ್ಲವೇ ಮನೆಗೆ ಹೋದ. ಅವನು ಗೆದ್ದು ತಂದ ಬಟ್ಟಲುಗಳನ್ನು ಎಷ್ಟೋ ಕಡೆ ಕಸಕ್ಕೆ ಎಸೆದರು. ಗ್ರ್ಯಾಂಬ್ಲಿಂಗ್‌ನ ಸರಪಳಿ ತುಂಡಾದದ್ದು ಇಲ್ಲಿ. ಸಮಾನತೆಯ ಹೆಸರಿನಲ್ಲಿ ನಡೆದ ಈ ನಷ್ಟವನ್ನು ಸಮಾನತೆಯ ತಪ್ಪೆಂದು ಯಾರೂ ಹೇಳಬಾರದು. ಅದನ್ನು ಜಾರಿಗೆ ತಂದವರು ಮಕ್ಕಳನ್ನು ಒಳಗೆ ಬಿಟ್ಟುಕೊಂಡು ಮೇಷ್ಟ್ರನ್ನು ಹೊರಗೆ ನಿಲ್ಲಿಸಿದರು.

ದೊಡ್ಡ ವಿಶ್ವವಿದ್ಯಾಲಯಗಳಲ್ಲೂ ನಡೆದದ್ದು ಇದೇ. ಅಲಬಾಮಾ 1971ರಲ್ಲಿ ಕಪ್ಪು ಆಟಗಾರರನ್ನು ಮೈದಾನಕ್ಕಿಳಿಸಿತು, ಲೂಯಿಸಿಯಾನಾ ಸ್ಟೇಟ್ ಕೂಡ ಅದೇ ಸುಮಾರಿಗೆ ಬಾಗಿಲು ತೆರೆಯಿತು. ನಿನ್ನೆ ತನಕ ಗ್ರ್ಯಾಂಬ್ಲಿಂಗ್ ಬಿಟ್ಟರೆ ಗತಿಯಿಲ್ಲದಿದ್ದ ಹುಡುಗನ ಮುಂದೆ ಈಗ ದೊಡ್ಡ ಕ್ರೀಡಾಂಗಣ, ಟಿ.ವಿ., ಒಳ್ಳೆಯ ಹಾಸ್ಟೆಲು ಇದ್ದವು. ಅವನು ಹೋದ, ಹೋಗಬೇಕಾದ್ದೇ. ಆದರೆ ಅವನನ್ನು ಬೆಳೆಸಿದ ಕೋಚನ್ನು ಅದೇ ಗಾಡಿಯಲ್ಲಿ ಯಾರೂ ಕರೆದೊಯ್ಯಲಿಲ್ಲ. ಅಗ್ರ ವಿಭಾಗದ ವಿಶ್ವವಿದ್ಯಾಲಯವೊಂದಕ್ಕೆ ಮೊದಲ ಕಪ್ಪು ಮುಖ್ಯ ಕೋಚ್ ಬಂದದ್ದು 1979ರಲ್ಲಿ, ವಿಚಿಟಾ ಸ್ಟೇಟ್‌ಗೆ ವಿಲ್ಲಿ ಜೆಫ್ರೀಸ್. ಎನ್‌ಎಫ್‌ಎಲ್ ಆಧುನಿಕ ಕಾಲದಲ್ಲಿ ಮೊದಲ ಕಪ್ಪು ಮುಖ್ಯ ಕೋಚನ್ನು ಕಂಡದ್ದು 1989ರಲ್ಲಿ, ಆರ್ಟ್ ಶೆಲ್ ಅವರ ರೂಪದಲ್ಲಿ. ಅಲಬಾಮಾ, ಲೂಯಿಸಿಯಾನಾ ಸ್ಟೇಟ್ ಇರುವ ಆಗ್ನೇಯ ಒಕ್ಕೂಟಕ್ಕೆ ಆ ದಿನ ಬರಲು 2004 ಆಗಬೇಕಾಯಿತು. ಅಭ್ಯರ್ಥಿಗಳಲ್ಲಿ ಅಲ್ಪಸಂಖ್ಯಾತರೊಬ್ಬರನ್ನಾದರೂ ಕರೆದು ಮಾತಾಡಿಸಲೇಬೇಕೆಂದು ಎನ್‌ಎಫ್‌ಎಲ್ 2003ರಲ್ಲಿ ನಿಯಮ ಮಾಡಬೇಕಾಗಿ ಬಂತು. 1985ರ ಅಕ್ಟೋಬರಿನಲ್ಲಿ ಡಲ್ಲಾಸ್‌ನಲ್ಲಿ 324ನೇ ಗೆಲುವು ಪಡೆದು ಅಲಬಾಮಾದ ಬೇರ್ ಬ್ರಯಂಟ್ ಅವರ ದಾಖಲೆ ದಾಟಿದ ರಾಬಿನ್ಸನ್ನರು ಯಾವ ದೊಡ್ಡ ವಿಶ್ವವಿದ್ಯಾಲಯಕ್ಕೂ, ಯಾವ ವೃತ್ತಿಪರ ತಂಡಕ್ಕೂ ಮುಖ್ಯ ಕೋಚ್ ಆಗಲಿಲ್ಲ. ಒಂದೇ ಕೆಲಸ, ಒಬ್ಬಳೇ ಹೆಂಡತಿ ಎಂದು ಅವರು ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದರು. ಆ ನಿಷ್ಠೆ ದೊಡ್ಡದು. ಅದರ ಮರೆಯಲ್ಲಿ ಅವರನ್ನು ಕರೆಯದವರ ನಡತೆ ಮುಚ್ಚಿಹೋಗಬಾರದು.

1988ರ ಜನವರಿ 31 ಈ ಬಳಗದ ಹಬ್ಬದ ದಿನ. ವಾಷಿಂಗ್ಟನ್ ತಂಡದ ಕ್ವಾರ್ಟರ್‌ಬ್ಯಾಕ್ ಡಗ್ ವಿಲಿಯಮ್ಸ್ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ಎರಡನೇ ಕಾಲುಭಾಗ ಒಂದರಲ್ಲೇ ನಾಲ್ಕು ಟಚ್‌ಡೌನ್ ಎಸೆದು, ಡೆನ್ವರನ್ನು 42-10ರಿಂದ ಸೋಲಿಸಿ ಪಂದ್ಯಶ್ರೇಷ್ಠನಾದ. ಮುಖ್ಯ ಕೋಚ್ ಅದೇ ಜೋ ಗಿಬ್ಸ್, ಮನ್ರೋದ ಶಾಲೆಗೆ ಹುಡುಕಿಕೊಂಡು ಹೋಗಿದ್ದವರು. ಇದಕ್ಕಿಂತ ಹೆಚ್ಚಿನ ಫಲವನ್ನು ಒಂದು ಸಣ್ಣ ಕಾಲೇಜು ಕೇಳಲಾರದು. ಆದರೆ ಆ ಸಂಜೆಯ ಹೊಳಪಿನಲ್ಲಿ ಕಾಲೇಜಿನ ಮೈದಾನ ಬಡವಾಗುತ್ತ ಬಂದದ್ದು ಕಾಣಲಿಲ್ಲ. 1995ರ ಅಕ್ಟೋಬರಿನಲ್ಲಿ 400ನೇ ಗೆಲುವು ಬಂತು; ಆ ವರ್ಷದಿಂದಲೇ ಸೋಲುಗಳು ಹೆಚ್ಚಿದವು. 1996ರಲ್ಲಿ ಗೆದ್ದದ್ದು ಮೂರು, ಸೋತದ್ದು ಎಂಟು, 1997ರಲ್ಲೂ ಅಷ್ಟೇ. ನಿವೃತ್ತರಾಗಿ ಎಂದು ಒತ್ತಾಯ ಬಂತು, ಅಭಿಮಾನಿಗಳ ಕೂಗಿನಿಂದ ಇನ್ನೊಂದು ವರ್ಷ ಸಿಕ್ಕಿತು. 1997ರ ನವೆಂಬರ್ 29ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಸದರ್ನ್ ವಿಶ್ವವಿದ್ಯಾಲಯದೆದುರು 30-7ರ ಸೋಲಿನೊಂದಿಗೆ ಅವರ ಕಾಲ ಮುಗಿಯಿತು. ಬೇಗ ಬಿಡಬೇಕಿತ್ತೆಂಬ ಮಾತು ಆಗಲೂ ಇತ್ತು, ಈಗಲೂ ಇದೆ. ಬಳಗದಲ್ಲೇ ಒಬ್ಬರನ್ನು ಉತ್ತರಾಧಿಕಾರಿಯಾಗಿ ಮೊದಲೇ ಬೆಳೆಸಿ ನಿಲ್ಲಿಸದೇ ಹೋದದ್ದು ಕಾಲೇಜು ಮಾಡಿದ ದೊಡ್ಡ ಲೋಪವೆಂದೇ ನಮ್ಮ ಅಭಿಪ್ರಾಯ. ಮರೆವಿನ ಕಾಯಿಲೆ ಕೊನೆಯ ವರ್ಷಗಳಲ್ಲಿ ಅವರನ್ನು ಕಾಡಿತು. 2007ರ ಏಪ್ರಿಲ್ 3ರಂದು ಅವರು ಕಣ್ಣು ಮುಚ್ಚಿದರು. ಅದಕ್ಕೆ ಎರಡೇ ತಿಂಗಳ ಹಿಂದೆ, ಮೊಟ್ಟಮೊದಲ ಬಾರಿಗೆ, ಸೂಪರ್ ಬೌಲ್‌ನ ಎರಡೂ ಬದಿಗೆ ಕಪ್ಪು ಮುಖ್ಯ ಕೋಚ್‌ಗಳು ನಿಂತಿದ್ದರು.

ನಂತರದ ಕತೆ ಬೇಗ ಹೇಳಿ ಮುಗಿಸುವಂಥದ್ದು, ನೋವಿನದೂ ಹೌದು. 1998ರಲ್ಲಿ ಗುರುವಿನ ಜಾಗಕ್ಕೆ ಶಿಷ್ಯ ವಿಲಿಯಮ್ಸ್ ಬಂದು 2000ದಿಂದ ಮೂರು ವರ್ಷ ಸತತ ಒಕ್ಕೂಟದ ಪ್ರಶಸ್ತಿ ಗೆದ್ದರು, ಹೋದರು, 2011ರಲ್ಲಿ ಮತ್ತೆ ಬಂದರು. ಅಷ್ಟರಲ್ಲಿ ರಾಜ್ಯ ಸರ್ಕಾರ ಕಾಲೇಜಿಗೆ ಕೊಡುವ ಹಣವನ್ನು ವರ್ಷಾವರ್ಷ ಕತ್ತರಿಸಿ ಅರ್ಧಕ್ಕಿಂತ ಕೆಳಗಿಳಿಸಿತ್ತು. 2013ರ ಸೆಪ್ಟೆಂಬರಿನಲ್ಲಿ, ಎರಡು ಪಂದ್ಯ ಸೋತದ್ದಕ್ಕೆ ವಿಲಿಯಮ್ಸ್ ಅವರನ್ನು ತೆಗೆದುಹಾಕಿದರು. ಮರುತಿಂಗಳು ಆಟಗಾರರು ಅಭ್ಯಾಸ ನಿಲ್ಲಿಸಿದರು. ವ್ಯಾಯಾಮದ ಕೋಣೆಯಲ್ಲಿ ಬೂಷ್ಟು ಹಿಡಿದ ನೆಲ, ಇಂಡಿಯಾನಾಪೊಲಿಸ್‌ನಷ್ಟು ದೂರಕ್ಕೆ ಬಸ್ಸಿನಲ್ಲೇ ಪ್ರಯಾಣ, ಕೋಚ್ ಮೇಲಿನ ಕ್ರಮ, ಎಲ್ಲವನ್ನೂ ಬರೆದು ಕೊಟ್ಟರು. ಜಾಕ್ಸನ್ ಸ್ಟೇಟ್ ಎದುರಿನ ಪಂದ್ಯಕ್ಕೆ ಹೋಗದೆ ಕೂತರು. 1940ರ ದಶಕದ ಹುಡುಗರೂ ಬಸ್ಸಿನಲ್ಲೇ ಹೋಗಿದ್ದರು, ಬುತ್ತಿ ಕಟ್ಟಿಕೊಂಡೇ ಹೋಗಿದ್ದರು. ಆಗ ದಾರಿಯ ಕಷ್ಟ ಕೊಟ್ಟವರು ಹೊರಗಿನವರು. ಈಗಿನ ಕಷ್ಟ ಮನೆಯೊಳಗಿನದಾಗಿತ್ತು, ಆದ್ದರಿಂದ ಸಹಿಸುವುದು ಕಷ್ಟವಾಯಿತು. ಆ ಹುಡುಗರನ್ನು ಅಶಿಸ್ತಿನವರೆಂದು ಬೈದವರ ಜೊತೆ ನಾವಿಲ್ಲ.

ರಾಬಿನ್ಸನ್ನರ ಕೈಕೆಳಗೆ ಆಡಿದ್ದ ಬ್ರಾಡ್ರಿಕ್ ಫಾಬ್ಸ್ 2014ರಲ್ಲಿ ಮುಖ್ಯ ಕೋಚ್ ಆಗಿ ಬಂದದ್ದು ಕಾಲೇಜಿಗೆ ಉಸಿರು ಕೊಟ್ಟಿತು. ಹಿಂದಿನ ವರ್ಷ ಒಂದೇ ಪಂದ್ಯ ಗೆದ್ದಿದ್ದ ತಂಡ ಅವರ ಮೊದಲ ವರ್ಷದಲ್ಲೇ ಏಳು ಗೆದ್ದಿತು. 2016ರಲ್ಲಿ ನಾರ್ತ್ ಕೆರೊಲಿನಾ ಸೆಂಟ್ರಲನ್ನು 10-9ರಿಂದ ಸೋಲಿಸಿ ಕಪ್ಪು ಜನರ ಕಾಲೇಜುಗಳ ಪ್ರಶಸ್ತಿಯಾದ ಸೆಲೆಬ್ರೇಷನ್ ಬೌಲ್ ಎತ್ತಿಕೊಂಡಿತು. ಸೋಲು ಕಂಡೊಡನೆ, 2021ರಲ್ಲಿ, ಅವರೂ ಹೋಗಬೇಕಾಯಿತು. ಎನ್‌ಎಫ್‌ಎಲ್‌ನಲ್ಲಿ ಮುಖ್ಯ ಕೋಚ್ ಆಗಿದ್ದ ಹ್ಯೂ ಜಾಕ್ಸನ್ ಬಂದರು, ಎರಡೇ ವರ್ಷದಲ್ಲಿ ಹೋದರು. ಒಬ್ಬರೇ 1941ರಿಂದ 1997ರವರೆಗೆ ನಿಂತ ಜಾಗದಲ್ಲಿ ಆಮೇಲಿನ ಕಾಲು ಶತಮಾನದೊಳಗೆ, ಹಂಗಾಮಿಗಳನ್ನು ಬಿಟ್ಟು, ಆರು ಮಂದಿ ಬಂದಿದ್ದಾರೆ. ಮುಖ್ಯ ಕೋಚ್ ಬದಲಾದಾಗಲೆಲ್ಲ ಸಹಾಯಕರೂ ಗಂಟುಮೂಟೆ ಕಟ್ಟುತ್ತಾರೆ. ಈಗಿನ ಆಟಗಾರನೂ ಹೆಸರು ನೋಂದಾಯಿಸಿ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗಬಹುದು, 2021ರಿಂದ ತನ್ನ ಹೆಸರಿನ ಮೇಲೆ ಜಾಹೀರಾತಿನ ಹಣ ಗಳಿಸಬಹುದು. ಶತಮಾನದಷ್ಟು ಕಾಲ ಬಿಟ್ಟಿ ದುಡಿದವರಿಗೆ ಸಿಕ್ಕ ಈ ಹಕ್ಕನ್ನು ನಾವು ಸ್ವಾಗತಿಸುತ್ತೇವೆ. ಅದರ ಬೆಲೆಯನ್ನು ಮೊದಲು ತೆರುತ್ತಿರುವವರು ಮಾತ್ರ ಸಣ್ಣ ಕಾಲೇಜಿನ ಸಹಾಯಕ ಕೋಚ್‌ಗಳು. ಎರಡು ವರ್ಷ ತಿದ್ದಿ ತೀಡಿದ ಹುಡುಗ ಮೂರನೇ ವರ್ಷ ದೊಡ್ಡ ಕಾಲೇಜಿನ ಅಂಗಿ ತೊಟ್ಟಿರುತ್ತಾನೆ.

2023ರ ಡಿಸೆಂಬರಿನಲ್ಲಿ ಹೊಣೆ ಹೊತ್ತ ಮಿಕ್ಕಿ ಜೋಸೆಫ್ ಲೂಯಿಸಿಯಾನಾದವರೇ. ಅವರು ಆಡಿದ್ದು ನೆಬ್ರಾಸ್ಕಾಕ್ಕೆ. 2022ರಲ್ಲಿ ಆ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವನ್ನು ನಡೆಸಿದ ಮೊದಲ ಕಪ್ಪು ಮುಖ್ಯ ಕೋಚ್ ಅನ್ನಿಸಿಕೊಂಡರು, ಅದೂ ಹಂಗಾಮಿಯಾಗಿ. ಖಾಯಂ ಕೆಲಸ ಬೇರೆಯವರಿಗೆ ಹೋಯಿತು. ಗ್ರ್ಯಾಂಬ್ಲಿಂಗ್‌ನಲ್ಲಿ ಅವರ ಮೊದಲ ವರ್ಷ ಐದು ಗೆಲುವು, ಏಳು ಸೋಲು. ರಾಬಿನ್ಸನ್ನರ ಮೊದಲ ವರ್ಷವೂ ಸೋಲಿನದೇ ಆಗಿತ್ತು. ಆಗಿನ ಅಧ್ಯಕ್ಷ ಜೋನ್ಸ್ ರಾಬಿನ್ಸನ್ನರನ್ನು ತೆಗೆದುಹಾಕಲಿಲ್ಲ. ಜೋಸೆಫ್ ಮತ್ತು ಅವರ ಸಹಾಯಕರಿಗೆ ಈಗ ಬೇಕಾಗಿರುವುದು ರಾಜ್ಯ ಕಡಿದುಕೊಂಡ ಅನುದಾನ, ಲೂಯಿಸಿಯಾನಾದ ಹೈಸ್ಕೂಲು ಕೋಚ್‌ಗಳ ಜೊತೆ ಮತ್ತೆ ಬೆಸೆಯುವಷ್ಟು ಪುರುಸೊತ್ತು, ಮತ್ತು ಎರಡು ಸೋಲಿಗೆ ಬಾಗಿಲು ತೋರಿಸದ ಒಂದು ಆಡಳಿತ ಮಂಡಳಿ.